ಚಿಲಕಣ್ಣನ ಲಾಕ್ ನಟ್ಟು

ಚಿಲಕಣ್ಣನ ಟ್ರಕ್ಕಿನ ಮೇಲೆ ಈ ಭೂಮಿಯ ಯಾವ ಕಳ್ಳನಾದರೂ ಒಮ್ಮೆಯಾದರೂ ಕಣ್ಣು ಹಾಕಿದ್ದನೇ? ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನೀವು ಕೊನೆಯವರೆಗೂ ಕಳ್ಳನಿಗಾಗಿ ಕಾದು ಕೂತು, ಆಮೇಲೆ ನನ್ನನ್ನು ಬೈಯುತ್ತೀರಿ. ಈ ಕಥೆಯಲ್ಲಿ ಕಳ್ಳ ಬರುವುದಿಲ್ಲ. ಬರುವ ಅಗತ್ಯವೂ ಬೀಳಲಿಲ್ಲ. ಅವನು ಬಂದು ಮಾಡಬಹುದಾಗಿದ್ದ ಹಾಳನ್ನೆಲ್ಲ ಚಿಲಕಣ್ಣ ತಾನೇ ಮುಂದೆ ನಿಂತು ಅಚ್ಚುಕಟ್ಟಾಗಿ ಮಾಡಿ ಮುಗಿಸಿದ.

ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಮುಂಬಾಗಿಲಿಗೆ ಮೇಲೊಂದು ಚಿಲಕ, ಕೆಳಗೊಂದು ಚಿಲಕ, ನಡುವೆ ಬೀಗ. ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗುತ್ತಾನೆ, ವಾಪಸ್ಸು ಬಂದು ಜಗ್ಗಿ ನೋಡುತ್ತಾನೆ. ಬೀದಿಯ ತಿರುವಿನವರೆಗೆ ಹೋಗಿ, ಅಲ್ಲಿ ನಿಂತು ತಲೆ ಕೆರೆದುಕೊಂಡು, ಮತ್ತೆ ಬಂದು ಇನ್ನೊಂದು ಸಲ ಜಗ್ಗುತ್ತಾನೆ. ಊಟದ ಡಬ್ಬಿಗೂ ಒಂದು ಪುಟ್ಟ ಬೀಗ ಹಾಕಿದ್ದ. ಒಂದು ದಿನ ಅದರ ಕೀ ಮನೆಯಲ್ಲೇ ಬಿಟ್ಟು ಹೋಗಿ, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಧ್ಯಾಹ್ನವಿಡೀ ಉಪವಾಸ ಕೂತಿದ್ದ. ಹಸಿವಾಗಲಿಲ್ಲವೇ ಎಂದು ಕೇಳಿದವರಿಗೆ, "ಹಸಿವು ಆಯ್ತು, ಆದರೆ ಊಟ ಭದ್ರವಾಗಿತ್ತು" ಎಂದಿದ್ದ. ಅಂದಿನಿಂದ ಅವನು ಚಿಲಕಣ್ಣ.

ಅವನ ಕಸುಬು ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು. ಮುರಿದ ಕುರ್ಚಿ, ತಳ ಹೋದ ಬಕೆಟ್ಟು, ಯಾರೂ ಓದದ ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆ, ಹೀಗೆ ಜನ ಎಷ್ಟೊಂದು ಕಸವನ್ನು ಎಷ್ಟು ಜೋಪಾನವಾಗಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೊರುತ್ತಾರೆ ಎಂಬುದನ್ನು ನೋಡಿ ನೋಡಿ, ತನ್ನ ಹತ್ತಿರ ಇರುವುದೂ ಕಾಪಾಡಿಕೊಳ್ಳಬೇಕಾದ ಆಸ್ತಿಯೇ ಎಂಬ ತೀರ್ಮಾನಕ್ಕೆ ಬಂದಿದ್ದ. ಆ ಆಸ್ತಿ ಯಾವುದು ಎಂದರೆ ಟ್ರಕ್ಕು. ಅದು ಅವನ ಮದುವೆಗಿಂತ ಹಳೆಯದು. ಎಡಗಡೆಯ ಬಾಗಿಲಿಗೆ ಬೀಗವಿಲ್ಲ, ಒಳಗಿನಿಂದ ಹಗ್ಗ ಕಟ್ಟಬೇಕು. ಹಾರ್ನ್ ಒತ್ತಿದರೆ ವೈಪರ್ ಆಡುತ್ತದೆ. ಇಂಥ ಟ್ರಕ್ಕಿಗೆ ಅವನು ಒಂದು ದಿನ ಫಳಫಳ ಹೊಳೆಯುವ ನಾಲ್ಕು ಅಲಾಯ್ ಚಕ್ರ ಹಾಕಿಸಿಕೊಂಡು ಬಂದ. ಬೀದಿಯವರು ಮೊದಲು ಚಕ್ರ ನೋಡಿದರು, ಆಮೇಲೆ ಟ್ರಕ್ಕು ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟವನ್ನು ಚಿಲಕಣ್ಣ ಆಸೆಯ ನೋಟ ಎಂದು ತಿಳಿದ. ಎಲ್ಲರ ಕಣ್ಣೂ ನನ್ನ ಚಕ್ರದ ಮೇಲೇ ಇದೆ ಎಂದು ಅವನ ಎದೆ ಹೊಡೆದುಕೊಳ್ಳತೊಡಗಿತು.

ಮಾರನೇ ದಿನವೇ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೈರ್ ಅಂಗಡಿಗೆ ಹೋದ. ಅಂಗಡಿಯವನು ಲಾಕ್ ನಟ್ಟು ತೋರಿಸಿದ. ಒಂದೊಂದು ಚಕ್ರಕ್ಕೆ ಒಂದೊಂದು. ಉಳಿದ ನಟ್ಟುಗಳ ನಡುವೆ ಸಾಧುವಾಗಿ ಕೂತಿರುತ್ತದೆ, ಆದರೆ ಅದರ ತಲೆಯಲ್ಲಿ ಅಂಕುಡೊಂಕಾದ ಒಂದು ತೋಡು ಕೊರೆದಿರುತ್ತದೆ. ನಟ್ಟು ತಿರುಗಿಸುವ ಯಾವ ಪಾನಾಕ್ಕೂ ಅದು ಬಗ್ಗುವುದಿಲ್ಲ. ಅದೇ ಆಕಾರದ ಮೂತಿಯಿರುವ, ಹೆಬ್ಬೆರಳು ಗಾತ್ರದ ಒಂದು ಉಕ್ಕಿನ ತುಂಡು ಇರುತ್ತದೆ. ಅದೇ ಕೀ. ಅದನ್ನು ನಟ್ಟಿನೊಳಗೆ ಕೂರಿಸಿ, ಅದರ ಮೇಲೆ ಪಾನಾ ಹಾಕಿದರೆ ಮಾತ್ರ ಚಕ್ರ ಬಿಚ್ಚುತ್ತದೆ.

"ಒಂದೇ ಕೀ, ಅಣ್ಣ. ಕಳ್ಕೊಂಡ್ರೆ ದೇವರೇ ಗತಿ. ಡ್ಯಾಶ್‌ಬೋರ್ಡ್ ಖಾನೆಯಲ್ಲೇ ಇಟ್ಟಿರಿ. ದಾರೀಲಿ ಪಂಕ್ಚರ್ ಆದ್ರೆ ಕೈಗೆ ಸಿಗಬೇಕು," ಎಂದ ಅಂಗಡಿಯವನು.

"ಅವರು ಹೇಳಿದ ಹಾಗೇ ಮಾಡೋಣ ಕಣ್ರೀ. ಕೊಡಿ, ಈಗ್ಲೇ ಖಾನೆಯಲ್ಲಿ ಇಟ್ಟುಬಿಡ್ತೀನಿ," ಎಂದು ಹೆಂಡತಿ ಕೈ ಚಾಚಿದಳು.

ಚಿಲಕಣ್ಣ ಇಬ್ಬರನ್ನೂ ನೋಡಿ ನಕ್ಕ. ತಿಳಿದವರು ತಿಳಿಯದವರನ್ನು ನೋಡಿ ನಗುವ ನಗು ಅದು. "ಚಕ್ರಕ್ಕೆ ಬೀಗ, ಬೀಗದ ಪಕ್ಕದಲ್ಲೇ ಕೀ. ಜೊತೆಗೆ ಕಳ್ಳನಿಗೆ ಒಂದು ಲೋಟ ನೀರೂ ಇಡೋಣವಾ, ಕೆಲಸ ಮಾಡಿ ದಣಿದಿರ್ತಾನೆ?" ಎಂದ. ಹೆಂಡತಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಆಮೇಲೆ ಚಿಲಕಣ್ಣ ಯೋಚನೆಗೆ ಕೂತ. ಕಳ್ಳನನ್ನು ಗೆಲ್ಲಬೇಕಾದರೆ ಕಳ್ಳನ ತಲೆಯೊಳಗೆ ಕೂತು ಯೋಚಿಸಬೇಕು ಎಂಬುದು ಅವನ ಸಿದ್ಧಾಂತ. ಅವನು ಕೂತ ತಲೆ ಎಂಥದ್ದು ಅಂತೀರಿ! ಅಷ್ಟು ಬುದ್ಧಿವಂತ ಕಳ್ಳ ನಿಜವಾಗಿ ಎಲ್ಲಾದರೂ ಇದ್ದಿದ್ದರೆ ಚಕ್ರ ಕದಿಯುವ ಕೆಲಸಕ್ಕೆ ಬರುತ್ತಿರಲಿಲ್ಲ, ದೊಡ್ಡ ಕಚೇರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಆ ಕಳ್ಳ ಮನೆಯ ಮೂಲೆಮೂಲೆಯನ್ನೂ ಹುಡುಕುತ್ತಾನೆ, ಮನೆಯವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೇಳುತ್ತಾನೆ. ಕೇಳಿದಾಗ ಒಬ್ಬೊಬ್ಬರೂ ಒಂದೊಂದು ಕೀ ತೋರಿಸಬೇಕು. ಎಲ್ಲರೂ ತಮ್ಮದೇ ನಿಜ ಎಂದು ಮನಸಾರೆ ನಂಬಿರಬೇಕು. ಆಗ ಕಳ್ಳನ ತಲೆ ಕೆಟ್ಟು ಗೊಬ್ಬರವಾಗುತ್ತದೆ.

ಟೈರ್ ಅಂಗಡಿಯಲ್ಲಿ ಒಂದು ಹಳೇ ಡಬ್ಬದ ತುಂಬ ಅನಾಥ ಕೀಗಳಿದ್ದವು. ಅವುಗಳ ನಟ್ಟುಗಳು ಎಂದೋ ಗುಜರಿಗೆ ಹೋಗಿ ಇವು ಮಾತ್ರ ಉಳಿದುಕೊಂಡಿದ್ದವು. ಮೂರನ್ನು ಕೇಳಿ ತಂದ. ತನ್ನ ಹಳೇ ಖಾಕಿ ಪ್ಯಾಂಟು ಕತ್ತರಿಸಿ, ದಬ್ಬಣದಲ್ಲಿ ಹೊಲಿದು, ಒಂದೇ ಥರದ ನಾಲ್ಕು ಪೊಟ್ಟಣ ಮಾಡಿದ. ಮೂರರಲ್ಲಿ ನಕಲಿ, ಒಂದರಲ್ಲಿ ಅಸಲಿ.

ಮೊದಲ ಪೊಟ್ಟಣ ಅಡುಗೆಮನೆಯಲ್ಲಿ ಹೆಂಡತಿಯ ಕೈ ಸೇರಿತು. ಬಾಗಿಲು ಮುಚ್ಚಿ, ಕಿಟಕಿ ಮುಚ್ಚಿ, ಕುಕ್ಕರಿನ ಸೀಟಿ ನಿಲ್ಲುವವರೆಗೆ ಕಾದು, ಪಿಸುಮಾತಿನಲ್ಲಿ ಹೇಳಿದ. "ಇದು ಅಸಲಿ. ಉಳಿದವರಿಗೆಲ್ಲ ನಕಲಿ ಕೊಟ್ಟಿದೀನಿ. ಯಾರಿಗೂ ಹೇಳಬೇಡ. ಬಿಚ್ಚಿ ನೋಡಬೇಡ. ಬಿಚ್ಚಿದರೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ."

ಹೆಂಡತಿಗೆ ಟೈರ್ ಅಂಗಡಿಯಲ್ಲಿ ಆದ ಅವಮಾನ ಅಲ್ಲೇ ಕರಗಿಹೋಯಿತು. "ನನ್ನ ಪ್ರಾಣ ಹೋದ್ರೂ ಇದು ಹೋಗಲ್ಲ ಬಿಡಿ," ಎಂದು ಪೊಟ್ಟಣವನ್ನು ಸಕ್ಕರೆ ಡಬ್ಬದ ತಳದಲ್ಲಿ ಹೂತಿಟ್ಟಳು.

ಎರಡನೆಯದು ಅತ್ತೆಗೆ. ಮಗಳ ಮನೆಯಲ್ಲೇ ಇರುವ ಈ ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡಿದವರಲ್ಲ. ಏನಿದ್ದರೂ ಗೋಡೆಗೆ ಹೇಳುತ್ತಿದ್ದರು. "ಊಟ ಆರ್ತಿದೆ, ತಿನ್ನೋರಿದ್ರೆ ತಿನ್ನಬಹುದು" ಎಂದು ಗೋಡೆಗೆ ಹೇಳಿದರೆ ಚಿಲಕಣ್ಣ ಬಂದು ಊಟಕ್ಕೆ ಕೂರುತ್ತಿದ್ದ. ಪೊಟ್ಟಣ ಕೈಗೆ ಬಂದದ್ದೇ ಅವರು ಗೋಡೆಯನ್ನು ಬಿಟ್ಟು ಅಳಿಯನ ಕಡೆ ತಿರುಗಿದರು.

"ಮಗಳಿಗೂ ಕೊಡದೆ ನನಗೆ ಕೊಟ್ರಾ ಅಳಿಯಂದಿರೇ?"

"ಅವಳಿಗೂ ಒಂದು ಕೊಟ್ಟಿದೀನಿ ಅತ್ತೆ, ಸುಮ್ನೆ, ಅವಳ ಸಮಾಧಾನಕ್ಕೆ. ಇದು ಅಸಲಿ."

ಅತ್ತೆ ಅದನ್ನು ತಲೆದಿಂಬಿನೊಳಗೆ ತುರುಕಿಕೊಂಡರು. ಮೂರನೆಯದು ಭಾವಮೈದನಿಗೆ. ಹೆಂಡತಿಯ ತಮ್ಮ, ಯೋಗ್ಯತೆಗೆ ತಕ್ಕ ಕೆಲಸ ಸಿಕ್ಕಿಲ್ಲವೆಂದು ಸೋಫಾದ ಮೇಲೆ ಮಲಗಿ ಕಾಯುತ್ತಿದ್ದವನು. "ಭಾವ, ಈ ಮನೇಲಿ ನನ್ನ ಬೆಲೆ ಗೊತ್ತಿರೋದು ನಿಮಗೊಬ್ಬರಿಗೇ!" ಎಂದು ಎದ್ದು ಕೂತ. ಅವನು ಎದ್ದು ಕೂತದ್ದನ್ನು ನೋಡಿ ಮನೆಯವರಿಗೆ ಗಾಬರಿಯಾಯಿತು.

ಹಾಗಾದರೆ ಅಸಲಿ ಕೀ ಯಾರಿಗೆ? ಪಕ್ಕದ ಮನೆಯ ಗಣಿತದ ಮೇಷ್ಟ್ರಿಗೆ. ನಿವೃತ್ತರಾದ ಈ ಮೇಷ್ಟ್ರಿಗೂ ಚಿಲಕಣ್ಣನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವನು ಟ್ರಕ್ಕನ್ನು ಸರಿಯಾಗಿ ಅವರ ಕಿಟಕಿಗೆ ಅಡ್ಡ ನಿಲ್ಲಿಸುತ್ತಿದ್ದ. ಅವರು ಹಗಲಲ್ಲೇ ದೀಪ ಹಾಕಿಕೊಂಡು ಪೇಪರ್ ಓದುತ್ತಾ ಅವನನ್ನು ಶಪಿಸುತ್ತಿದ್ದರು. ಕಳ್ಳ ಎಂಥ ಬುದ್ಧಿವಂತನಾದರೂ ವೈರಿಯ ಮನೆಯಲ್ಲಿ ಹುಡುಕುತ್ತಾನೆಯೇ? ತನ್ನ ಈ ಯೋಚನೆಗೆ ಚಿಲಕಣ್ಣನೇ ತಲೆದೂಗಿದ. ಮೇಷ್ಟ್ರ ಮನೆಗೆ ಹೋಗಿ, ಅದೇ ಪಿಸುಮಾತಿನಲ್ಲಿ, ಅದೇ ಮಾತನ್ನು ಹೇಳಿದ. ನಾಲ್ಕು ಸಲ ಹೇಳಿದ್ದರಲ್ಲಿ ಇದೊಂದೇ ಸಲ ಅದು ನಿಜವಾಗಿತ್ತು. ಮೇಷ್ಟ್ರು ಪೊಟ್ಟಣವನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಎತ್ತಿದ ಹಾಗೆ ಎತ್ತಿಕೊಂಡು, "ಸಂತೋಷ, ಹೋಗಿ ಬನ್ನಿ" ಎಂದರು.

ಇಲ್ಲಿಂದ ಮುಂದೆ ಚಿಲಕಣ್ಣನ ಮನೆಯಲ್ಲಿ ಎಂದೂ ಕಾಣದ ಶಾಂತಿ ನೆಲೆಸಿತು. ಸುಳ್ಳಿಗೆ ಇಂಥ ಗುಣವಿದೆ ಎಂದು ಒಪ್ಪಿಕೊಳ್ಳಲು ನನಗೂ ಬೇಜಾರೇ, ಆದರೆ ಆದದ್ದು ಹಾಗೆ. ಅತ್ತೆ ಫ್ಯಾನನ್ನು ಅಳಿಯನ ಕಡೆ ತಿರುಗಿಸತೊಡಗಿದರು. ಭಾವಮೈದ ತಲೆ ಬಾಚಿ, ಕೋಲು ಹಿಡಿದು, ಬೆಳಗ್ಗೆ ಸಂಜೆ ಟ್ರಕ್ಕಿನ ಸುತ್ತ ಗಸ್ತು ತಿರುಗತೊಡಗಿದ. ಯಾರದೋ ಸಾಕುನಾಯಿಯೊಂದು ಚಕ್ರದ ಹತ್ತಿರ ಕಾಲೆತ್ತಿದ್ದಕ್ಕೆ ಅದರ ಒಡೆಯನನ್ನು ಕರೆಸಿ ವಿಚಾರಣೆ ಮಾಡಿದ. ಎಲ್ಲಕ್ಕಿಂತ ಸೊಗಸು ಎಂದರೆ, ಒಬ್ಬೊಬ್ಬರಿಗೂ ಉಳಿದವರ ಮೇಲೆ ಕನಿಕರ ಹುಟ್ಟಿತ್ತು. ತಾಯಿಯ ದಿಂಬಿನಿಂದ ಇಣುಕುವ ಖಾಕಿ ಬಟ್ಟೆ ನೋಡಿದಾಗ ಮಗಳು, 'ಪಾಪ, ಅಮ್ಮನಿಗೆ ಏನೋ ಒಂದು ಕೊಟ್ಟು ಸುಮ್ಮನಿರಿಸಿದಾರೆ' ಎಂದುಕೊಳ್ಳುತ್ತಿದ್ದಳು. ತಮ್ಮನ ಗಸ್ತು ನೋಡಿ ಅಕ್ಕ, ಅಕ್ಕನ ಮುಖದ ಕಳೆ ನೋಡಿ ತಮ್ಮ, ಇಬ್ಬರೂ ನಗು ನುಂಗಿಕೊಳ್ಳುತ್ತಿದ್ದರು. ಒಬ್ಬರಿಗೊಬ್ಬರು ಎಂದೂ ಇಲ್ಲದ ಸೌಜನ್ಯ ತೋರಿಸುತ್ತಿದ್ದರು.

ಇದರಿಂದ ಸಂಕಟಪಟ್ಟವನು ಚಿಲಕಣ್ಣ ಒಬ್ಬನೇ. ಅನಾಥ ಕೀಗಳಿಗೆ ವರ್ಷಗಳ ಗ್ರೀಸ್ ಮೆತ್ತಿತ್ತು. ಸಕ್ಕರೆ ಡಬ್ಬದಲ್ಲಿ ಅದು ನಿಧಾನವಾಗಿ ಇಳಿಯುತ್ತಿತ್ತು. ಬೆಳಗಿನ ಚಹಾ ಕುಡಿದರೆ ಗ್ಯಾರೇಜಿನ ನೆಲ ನೆಕ್ಕಿದ ಹಾಗಾಗುತ್ತಿತ್ತು.

"ಚಹಾ ಹೇಗಿದೆ?" ಎಂದು ಹೆಂಡತಿ ಕಣ್ಣಲ್ಲೇ ನಗುತ್ತಾ ಕೇಳುವಳು. ಅಲ್ಲಿರುವುದು ನಕಲಿ, ತೆಗೆದು ಬಿಸಾಡು ಎನ್ನಲು ಬಾಯಿ ಬರುತ್ತದೆಯೇ?

"ಚೆನ್ನಾಗಿದೆ," ಎನ್ನುವನು.

ಅತ್ತೆಗೆ ಉಕ್ಕಿನ ತುಂಡಿನ ಮೇಲೆ ಮಲಗಿ ಮಲಗಿ ಕುತ್ತಿಗೆ ಎಡಕ್ಕೆ ಹೊರಳಿ ಅಲ್ಲೇ ನಿಂತುಬಿಟ್ಟಿತು. ಡಾಕ್ಟರ ಹತ್ತಿರ ಹೋಗೋಣವೆಂದರೆ ಒಪ್ಪಲಿಲ್ಲ. "ಅವರು ಯಾಕೆ ಹೀಗಾಯ್ತು ಅಂತ ಕೇಳ್ತಾರೆ. ನಾನು ಹೇಳೋ ಹಾಗಿಲ್ಲ," ಎಂದು ಓರೆಗಣ್ಣಲ್ಲಿ ಅಳಿಯನಿಗೆ ಸನ್ನೆ ಮಾಡುವರು. ಆ ಸನ್ನೆಯನ್ನು ನೋಡುವುದು ಗ್ರೀಸ್ ಚಹಾ ಕುಡಿಯುವುದಕ್ಕಿಂತ ಕಷ್ಟವಾಗಿತ್ತು.

ಇಷ್ಟರಲ್ಲಿ ಚಿಲಕಣ್ಣನ ಕೀರ್ತಿ ಹಾಸಿಗೆ ಅಂಗಡಿಯ ಸಾಹುಕಾರರ ಕಿವಿಗೆ ಬಿತ್ತು. ದಿನಾ ಮುಂಜಾನೆ ತಾವೇ ಎದ್ದು ಬಂದು ಗೋಡೌನಿನ ಬಾಗಿಲು ತೆಗೆದು ಅವರಿಗೆ ಸಾಕಾಗಿತ್ತು. ಊರಿಗೆಲ್ಲ ಹಾಸಿಗೆ ಮಾರುವ ಮನುಷ್ಯನಿಗೆ ಮಲಗಲು ಪುರಸೊತ್ತಿಲ್ಲ. ಅವರು ಚಿಲಕಣ್ಣನನ್ನು ಕರೆಸಿದರು.

"ಊಟದ ಡಬ್ಬಿಗೂ ಬೀಗ ಹಾಕ್ತೀರಂತೆ. ನನಗೆ ಅಂಥ ಮನುಷ್ಯನೇ ಬೇಕು. ಸೋಮವಾರದಿಂದ ಹಾಸಿಗೆ ಸಾಗಿಸೋ ಕೆಲಸ ಪೂರ್ತಿ ನಿಮಗೆ. ಬೆಳಗ್ಗೆ ಸರಿಯಾದ ಹೊತ್ತಿಗೆ ಬಂದು ಮೊದಲನೇ ಲೋಡು ಎತ್ತಿ. ಅದು ಆಯ್ತು ಅಂದ್ರೆ ಗೋಡೌನ್ ಕೀ ನಿಮ್ಮ ಕೈಗೆ."

ಚಿಲಕಣ್ಣನಿಗೆ ಕೆಲಸ ಸಿಕ್ಕಿದ್ದಕ್ಕಿಂತ ಆ ಕೊನೆಯ ಮಾತು ತಲೆಗೆ ಏರಿತು. ಇಷ್ಟು ವರ್ಷ ಅವನು ತನ್ನ ಬಾಗಿಲಿಗೆ ತಾನೇ ಬೀಗ ಹಾಕಿಕೊಂಡವನು. ಇನ್ನೊಬ್ಬರು ಕರೆದು, ಇಗೋ ನನ್ನ ಕೀ, ನಿನ್ನನ್ನು ನಂಬಿದ್ದೇನೆ ಎಂದು ಹೇಳಿದ್ದು ಇದೇ ಮೊದಲು. ಮನೆಗೆ ಬಂದು ಗೋಡೆಗೆ ಒಂದು ಮೊಳೆ ಹೊಡೆದ. ಅದು ಗೋಡೌನ್ ಕೀ ತೂಗುಹಾಕುವ ಮೊಳೆ. ಬಂದವರಿಗೆಲ್ಲ ಖಾಲಿ ಮೊಳೆ ತೋರಿಸಿದ.

ಸೋಮವಾರ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗೆ ಬಂದು ನೋಡಿದರೆ ಟ್ರಕ್ಕಿನ ಮುಂದಿನ ಚಕ್ರ ನೆಲ ಕಚ್ಚಿತ್ತು. ಟೈರಿನಲ್ಲಿ ಒಂದು ಮೊಳೆ. ಗೋಡೆಗೆ ಹೊಡೆಯುವಾಗ ಕೈಜಾರಿ ಕಿಟಕಿಯಿಂದ ಹೊರಗೆ ಬಿದ್ದ ಮೊಳೆಗಳಲ್ಲಿ ಒಂದು ಎಂದು ಬೀದಿಯ ದರ್ಜಿ ಆಮೇಲೆ ಪತ್ತೆ ಮಾಡಿದ. ಇರಲಿ. ಜಾಕ್ ಏರಿಸಿದ್ದಾಯಿತು, ಸ್ಟೆಪ್ನಿ ಇಳಿಸಿದ್ದಾಯಿತು, ಸಾಮಾನ್ಯ ನಟ್ಟುಗಳೆಲ್ಲ ಬಿಚ್ಚಿದ್ದಾಯಿತು. ಉಳಿದದ್ದು ಲಾಕ್ ನಟ್ಟು. ಚಿಲಕಣ್ಣ ಎದ್ದು ನಿಂತು, ಕೈ ಒರೆಸಿಕೊಂಡು, ಮೇಷ್ಟ್ರ ಮನೆಯ ಕಡೆ ಒಂದು ಹೆಜ್ಜೆ ಇಟ್ಟ.

ಅಷ್ಟರಲ್ಲಿ ಮನೆಯ ಬಾಗಿಲು ತೆರೆಯಿತು. ಇದೇ ದಿನಕ್ಕಾಗಿ ಕಾದಿದ್ದ ಹೆಂಡತಿ, ಕೆಂಪಿರುವೆ ಮುತ್ತಿದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದಳು. ಅವಳ ಹಿಂದೆ ಕುತ್ತಿಗೆ ಓರೆ ಮಾಡಿಕೊಂಡು ಅತ್ತೆ. ಅವರ ಹಿಂದೆ ಕೋಲು ಕಂಕುಳಲ್ಲಿ ಇಟ್ಟುಕೊಂಡು ಭಾವಮೈದ. ಮೂವರ ಕೈಯಲ್ಲೂ ಖಾಕಿ ಪೊಟ್ಟಣ.

"ಅಮ್ಮಾ, ನೀನು ಒಳಗೆ ಹೋಗು. ನಿನ್ನದು ಬೇರೆ," ಎಂದಳು ಹೆಂಡತಿ ಮೆಲ್ಲಗೆ.

"ಬೇರೆ ನಿಂದು ಕಣೇ. ಹೇಳಬಾರದು ಅಂತ ಸುಮ್ನಿದ್ದೆ."

"ಇಬ್ಬರೂ ಸ್ವಲ್ಪ ಪಕ್ಕಕ್ಕೆ ಬನ್ನಿ. ಇದು ಜವಾಬ್ದಾರಿ ಇರೋರ ಕೆಲಸ," ಎಂದ ಭಾವಮೈದ.

"ಯಾರಿಗೋ ಜವಾಬ್ದಾರಿ? ಮೊನ್ನೆವರೆಗೂ ಮಧ್ಯಾಹ್ನ ಏಳ್ತಿದ್ದೋನಿಗಾ?" ಎಂದಳು ಅಕ್ಕ.

ಬೀದಿಯಲ್ಲಿ ಇಂಥ ದನಿ ಎದ್ದರೆ ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ. ದರ್ಜಿ ಬಂದ, ಚಹಾದಂಗಡಿಯವನು ಬಂದ, ಶಾಲೆಗೆ ಹೊರಟವರು ಚೀಲ ಇಳಿಸಿ ನಿಂತರು. ದರ್ಜಿ ಮೂರೂ ಪೊಟ್ಟಣಗಳನ್ನು ತಿರುಗಿಸಿ ನೋಡಿ, "ಬಟ್ಟೆ ಒಂದೇ ಪ್ಯಾಂಟಿನದು. ಹೊಲಿಗೆ ಮಾತ್ರ ಹೇಸಿಗೆ," ಎಂದು ತೀರ್ಪು ಕೊಟ್ಟ.

ಇದೇ ಗಳಿಗೆಗೆ ಸರಿಯಾಗಿ ಹಾಸಿಗೆ ಸಾಹುಕಾರರ ಸ್ಕೂಟರು ಬಂದು ನಿಂತಿತು. ಗೋಡೌನಿನ ಬಾಗಿಲಲ್ಲಿ ಕಾದು ಕಾದು ಸಾಕಾಗಿ, ವಿಷಯ ಏನೆಂದು ನೋಡಲು ಬಂದಿದ್ದರು. ಕೆಳಗೆ ಮಲಗಿಸಿದ್ದ ಸ್ಟೆಪ್ನಿಯ ಮೇಲೆ ಕೂತು, "ನಡೀಲಿ, ನಡೀಲಿ, ನಾನು ಕೂತಿರ್ತೀನಿ," ಎಂದರು. ಅವರ ಬೆರಳಲ್ಲಿ ಗೋಡೌನಿನ ಕೀ ತಿರುಗುತ್ತಿತ್ತು.

ಚಿಲಕಣ್ಣ ಹೆಂಡತಿಯ ಪೊಟ್ಟಣ ಬಿಚ್ಚಿ, ಕೀಯನ್ನು ನಟ್ಟಿಗೆ ಒತ್ತಿದ. ಏನಾದರೂ ಪವಾಡ ನಡೆದು ಕೂತುಬಿಡಬಾರದೇ ಎಂದು ಅವನ ಆಸೆ. ಉಕ್ಕಿಗೆ ಅಂಥ ದಯೆದಾಕ್ಷಿಣ್ಯ ಇರುವುದಿಲ್ಲ. ಕೀ ಕೂರಲಿಲ್ಲ. ಹೆಂಡತಿಯ ಮುಖದಲ್ಲಿ ಏನೋ ಆರಿತು. ಅತ್ತೆಯದು ಕೂರಲಿಲ್ಲ. "ಇದಕ್ಕೇನಾ ನಾನು ಕುತ್ತಿಗೆ ಕೊಟ್ಟಿದ್ದು?" ಎಂದು ಅವರು ಗೋಡೆ ಎಲ್ಲಿದೆಯೆಂದು ಹುಡುಕಿ, ಮತ್ತೆ ಗೋಡೆಗೆ ಹೇಳಿದರು. ಭಾವಮೈದನದೂ ಕೂರಲಿಲ್ಲ. ಅವನು ಕೋಲನ್ನು ಟ್ರಕ್ಕಿಗೆ ಒರಗಿಸಿಟ್ಟು, "ರಾಜೀನಾಮೆ," ಎಂದು ಒಂದೇ ಮಾತು ಹೇಳಿ ಸೋಫಾದ ಕಡೆ ನಡೆದ.

"ಹಾಗಾದ್ರೆ ಅಸಲಿ ಎಲ್ಲಿ?" ಎಂದು ಇಡೀ ಬೀದಿ ಒಂದೇ ಬಾಯಲ್ಲಿ ಕೇಳಿತು.

ಚಿಲಕಣ್ಣ ಟ್ರಕ್ಕಿನ ಆಚೆ ಪಕ್ಕದ ಮನೆಯ ಕಿಟಕಿಯತ್ತ ನೋಡಿದ. ಅಲ್ಲಿ ಸರಳುಗಳಿಗೆ ಗಲ್ಲ ಊರಿ ಮೇಷ್ಟ್ರು ನಿಂತಿದ್ದರು. ತಮ್ಮ ಕಿಟಕಿಗೆ ಟ್ರಕ್ಕು ಅಡ್ಡ ನಿಂತದ್ದಕ್ಕೆ ಅವರು ಸಂತೋಷಪಟ್ಟದ್ದು ಅದೇ ಮೊದಲು.

"ಮೇಷ್ಟ್ರೇ, ಆ... ಆ ಪೊಟ್ಟಣ ಸ್ವಲ್ಪ ಕೊಡ್ತೀರಾ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಬೋರ್ಡಿನ ಮುಂದೆ ನಿಂತವರ ದನಿಯಲ್ಲಿ ಶುರುಮಾಡಿದರು. "ನೋಡಿ, ನಿಮಗೆ ನನ್ನ ಕಂಡ್ರೆ ಆಗಲ್ಲ. ಇದು ಎಲ್ಲರಿಗೂ ಗೊತ್ತಿರೋದು. ಕಂಡ್ರೆ ಆಗದೋನಿಗೆ ಯಾರೂ ಅಸಲಿ ವಸ್ತು ಕೊಡಲ್ಲ. ಇದೂ ಎಲ್ಲರಿಗೂ ಗೊತ್ತಿರೋದು. ಆದ್ದರಿಂದ ನೀವು ನನಗೆ ಕೊಟ್ಟಿದ್ದು ನಕಲಿ. ನಕಲಿ ಇಟ್ಕೊಂಡು ನಾನೇನು ಮಾಡಲಿ? ಅದೇ ವಾರ ವಾಪಸ್ಸು ಮಾಡಿದೀನಿ."

"ಯಾರಿಗೆ?"

"ನಿಮ್ಮ ಮನೆಯವರಿಗೆ. ಬಟ್ಟೆ ಒಣಹಾಕ್ತಿದ್ರು. ನಿಮ್ಮ ಯಜಮಾನರ ತಮಾಷೆ ನಮಗೆ ಬೇಡಮ್ಮ ಅಂತ ಹೇಳಿ ಕಾಂಪೌಂಡ್ ಮೇಲಿಂದ ಕೊಟ್ಟೆ."

ಎಲ್ಲರ ತಲೆಯೂ ಹೆಂಡತಿಯ ಕಡೆ ತಿರುಗಿತು. ಅವಳು ಇನ್ನೂ ಅದೇ ಜಾಗದಲ್ಲಿ ನಿಂತಿದ್ದಳು. ಅಂಗೈಗೆ ಸಕ್ಕರೆ ಅಂಟಿಕೊಂಡಿತ್ತು.

"ಹೌದು, ಕೊಟ್ರು," ಎಂದಳು. "ನನ್ನ ಹತ್ರ ಇರೋದೇ ಅಸಲಿ ಅಂದ್ಕೊಂಡಿದ್ನಲ್ಲ, ಇದು ಯಾವುದೋ ನಕಲಿ ಅಂತ ತೆಗೆದಿಟ್ಟೆ. ಎಲ್ಲಿಟ್ಟಿದೀನಿ ಅಂತ ಆಮೇಲೆ ಹೇಳ್ತೀನಿ. ಮೊದಲು ನೀವು ಹೇಳಿ. ಕಿಟಕಿಯಲ್ಲಿ ಕೂತು ದಿನಾ ನಿಮ್ಮನ್ನ ಬೈಯೋ ಮೇಷ್ಟ್ರಿಗೆ ಅಸಲಿ. ನನಗೆ ಯಾಕೆ ನಕಲಿ?"

ಸಾಹುಕಾರರ ಬೆರಳಲ್ಲಿ ತಿರುಗುತ್ತಿದ್ದ ಕೀ ನಿಂತಿತು. ಚಿಲಕಣ್ಣ ಒಮ್ಮೆ ಅದನ್ನು ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ.

"ಅದು ಹಾಗಲ್ಲ ಕಣೇ, ಇದು ಭದ್ರತೆಯ ಪ್ರಶ್ನೆ. ಕಳ್ಳ ಬಂದ್ರೆ ಮೊದಲು ಯಾರನ್ನ ಹಿಡೀತಾನೆ? ಹೆಂಡತೀನ. ಆಗ ನೀನು ಕೊಡೋ ಕೀ ನಕಲಿಯಾಗಿದ್ರೆ ಚಕ್ರ ಉಳಿಯುತ್ತೆ!"

"ಓ. ಕಳ್ಳ ಬಂದು ನನ್ನ ಕುತ್ತಿಗೆ ಹಿಡೀತಾನೆ. ನಾನು ಸಕ್ಕರೆ ಡಬ್ಬದಿಂದ ತೆಗೆದು, ಇದೇ ಅಸಲಿ ಕಣಪ್ಪಾ ಅಂತ ಆಣೆ ಮಾಡಿ ಕೊಡ್ತೀನಿ. ಅವನು ಹೊರಗೆ ಹೋಗಿ ಚಕ್ರಕ್ಕೆ ಹಾಕಿ ನೋಡ್ತಾನೆ, ಬರಲ್ಲ. ಆಮೇಲೆ ವಾಪಸ್ಸು ಒಳಗೆ ಬರ್ತಾನಲ್ಲ, ಅವಾಗ ನನಗೇನು ಮಾಡ್ತಾನೆ?"

ದರ್ಜಿ ತಲೆ ತಗ್ಗಿಸಿದ. ಇದನ್ನು ಚಿಲಕಣ್ಣ ಯೋಚಿಸಿರಲಿಲ್ಲ. ಕಳ್ಳನ ತಲೆಯೊಳಗೆ ಕೂತು ದಿನಗಟ್ಟಲೆ ಯೋಚಿಸಿದ್ದ. ಹೆಂಡತಿಯ ತಲೆಯೊಳಗೆ ಒಂದು ಗಳಿಗೆಯೂ ಹೋಗಿ ಕೂತಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆದರೆ ನಾಚಿಕೆಯಾದ ಗಂಡಸು ಬಾಯಿ ಮುಚ್ಚಿಕೊಳ್ಳುವುದಿಲ್ಲ, ದನಿ ಏರಿಸುತ್ತಾನೆ. ಚಿಲಕಣ್ಣ ಏರಿಸಿದ.

"ನಿನಗೆ ಕೊಟ್ಟಿದ್ರೆ ಏನಾಗ್ತಿತ್ತು ಅಂತ ನನಗೆ ಗೊತ್ತಿಲ್ವಾ? ಆ ಟೈರ್ ಅಂಗಡಿಯವನ ಮಾತು ಕೇಳ್ಕೊಂಡು ತಗೊಂಡು ಹೋಗಿ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಇಡ್ತಿದ್ದೆ!"

"ಅಲ್ಲೇ ಇಟ್ಟಿದೀನಿ," ಎಂದಳು ಹೆಂಡತಿ.

ಸಾಹುಕಾರರೇ ಎದ್ದು ಹೋಗಿ, ಎಡಗಡೆಯ ಬಾಗಿಲಿನ ಕಿಟಕಿಯೊಳಗೆ ಕೈ ಹಾಕಿ ಹಗ್ಗ ಬಿಚ್ಚಿ, ಖಾನೆಯ ಮುಚ್ಚಳ ಎಳೆದರು. ಸುಟ್ಟ ಬಲ್ಬು, ಇಂಕು ಒಣಗಿದ ಪೆನ್ನು, ಒರೆಸುವ ಬಟ್ಟೆ. ಅದರ ಮೇಲೆ ಖಾಕಿ ಪೊಟ್ಟಣ. ಚಿಲಕಣ್ಣ ಎರಡು ಚಿಲಕ, ಒಂದು ಬೀಗ ಹಾಕಿ, ವಾಪಸ್ಸು ಬಂದು ಜಗ್ಗಿ ನೋಡಿ, ಭಾವಮೈದನನ್ನು ಗಸ್ತಿಗೆ ನಿಲ್ಲಿಸಿ ಕಾಪಾಡಿದ್ದ ಅಸಲಿ ಕೀ, ಬೀಗವೇ ಇಲ್ಲದ ಬಾಗಿಲಿನ ಹಿಂದೆ ಇಷ್ಟು ದಿನವೂ ಸುಖವಾಗಿ ಮಲಗಿತ್ತು. ಯಾವ ಕಳ್ಳನೂ ಅದರ ನಿದ್ದೆ ಕೆಡಿಸಿರಲಿಲ್ಲ. ನಟ್ಟಿಗೆ ಇಟ್ಟರೆ ಸದ್ದಿಲ್ಲದೆ ಕೂತಿತು. ಚಕ್ರ ಬಿಚ್ಚಿತು.

ಸಾಹುಕಾರರು ಕೈ ಕೊಡವಿಕೊಂಡು ನೇರ ಚಿಲಕಣ್ಣನ ಮುಂದೆ ಬಂದು ನಿಂತರು. ಅವನು ಅಂಗೈ ಚಾಚಿದ. ಅವರು ಅವನನ್ನು ದಾಟಿ ಹೋಗಿ ಹೆಂಡತಿಯ ಮುಂದೆ ನಿಂತರು.

"ತಗೊಳ್ಳಿ ತಾಯಿ. ಗೋಡೌನ್ ಕೀ ನಿಮ್ಮ ಹತ್ರ ಇರಲಿ. ಹಾಸಿಗೆ ಅವರು ಹೊರಲಿ. ಬೆಳಗ್ಗೆ ಬೇಕಾದಾಗ ನಿಮ್ಮನ್ನ ಕೇಳಿ ಇಸ್ಕೊಳ್ಳಲಿ, ಸಂಜೆ ತಂದು ನಿಮಗೇ ಒಪ್ಪಿಸಲಿ. ನಾನು ಈಗ ಹೋಗಿ ಮಲಗ್ತೀನಿ."

ಅಂದು ಸಂಜೆ ಚಿಲಕಣ್ಣ ಹಾಸಿಗೆ ಹೊತ್ತು ಹೊತ್ತು ಬೆನ್ನು ಹಿಡಿದುಕೊಂಡು ಬಂದ. ಫ್ಯಾನು ಗೋಡೆಯ ಕಡೆ ತಿರುಗಿತ್ತು. ಹೆಂಡತಿ ಚಹಾ ತಂದಿಟ್ಟಳು, ಹೇಗಿದೆ ಎಂದು ಕೇಳಲಿಲ್ಲ. ಒಂದು ಗುಟುಕು ಕುಡಿದ. ಗ್ರೀಸಿನ ವಾಸನೆಯೇ ಇಲ್ಲ. ಸಕ್ಕರೆ, ಹಾಲು, ಚಹಾಪುಡಿ ಎಲ್ಲ ಹದವಾಗಿತ್ತು. ಅಷ್ಟು ಕೆಟ್ಟ ಚಹಾ ಅವನು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ. ತಪ್ಪಾಯ್ತು ಎನ್ನಬೇಕೆಂದು ಬಾಯಿ ತೆರೆದ. ಆದರೆ ಹೊರಬಂದ ಮಾತು, "ಆ ಲಾಕ್ ನಟ್ಟಿನ ಕೀ ಎಲ್ಲಿಟ್ಟೆ?"

ಹೆಂಡತಿ ಒಳಗೆ ಹೋದಳು. ಅಲ್ಲಿಂದ ಕತ್ತರಿಯ ಸದ್ದು ಬಂತು.

ಮಾರನೇ ಬೆಳಗ್ಗೆ ಅವಳು ಬಾಗಿಲು ಮುಚ್ಚಿದಳು, ಕಿಟಕಿ ಮುಚ್ಚಿದಳು, ಕುಕ್ಕರಿನ ಸೀಟಿ ನಿಲ್ಲುವವರೆಗೆ ಕಾದಳು. ಆಮೇಲೆ ಅವನ ಅಂಗೈ ಮೇಲೆ ಒಂದು ಪೊಟ್ಟಣ ಇಟ್ಟಳು. ಬಟ್ಟೆ ಅವನ ಇಸ್ತ್ರಿ ಮಾಡಿದ ಅಂಗಿಯದು. ಹೊಲಿಗೆ ಅಚ್ಚುಕಟ್ಟು.

"ಇದು ಅಸಲಿ," ಎಂದು ಪಿಸುಗುಟ್ಟಿದಳು. "ಉಳಿದವರಿಗೆಲ್ಲ ನಕಲಿ ಕೊಟ್ಟಿದೀನಿ. ಯಾರಿಗೂ ಹೇಳಬೇಡಿ. ಬಿಚ್ಚಿ ನೋಡಬೇಡಿ. ಬಿಚ್ಚಿದರೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ."

ಚಿಲಕಣ್ಣ ಪೊಟ್ಟಣ ಹಿಡಿದು ಹೊರಗೆ ಬಂದ. ಅತ್ತೆ ತಮ್ಮ ದಿಂಬನ್ನು ಮೃದುವಾಗಿ ತಟ್ಟುತ್ತಾ ಅವನನ್ನು ಕನಿಕರದಿಂದ ನೋಡಿದರು. ಸೋಫಾದ ಮೇಲೆ ಭಾವಮೈದ ಎದ್ದು ಕೂತಿದ್ದ. ಅವನ ಕಣ್ಣಲ್ಲೂ ಕನಿಕರ. ಕಾಂಪೌಂಡಿನ ಆಚೆಯಿಂದ ಮೇಷ್ಟ್ರು ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಂಡು, "ಪಾಪ" ಎನ್ನುವ ಹಾಗೆ ತಲೆ ಆಡಿಸಿದರು.

ಬೆರಳು ಹೊಲಿಗೆಯ ಮೇಲೆ ಹೋಯಿತು. ಒಂದು ದಾರ ಎಳೆದರೆ ಸಾಕಿತ್ತು. ಎಳೆಯಲಿಲ್ಲ. ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ಟ್ರಕ್ಕಿನ ಮುಂದೆ ಬಗ್ಗಿ, ದಾರಿಯಲ್ಲಿ ಎಲ್ಲಾದರೂ ಮೊಳೆ ಇದೆಯೇ ಎಂದು ತಿರುವಿನವರೆಗೂ ಹುಡುಕಿಕೊಂಡು ಹೋಗಿ ಬಂದ. ಬರುವಷ್ಟರಲ್ಲಿ ಹೆಂಡತಿ ಒಂದು ಕೈಯಲ್ಲಿ ಗೋಡೌನಿನ ಕೀ, ಇನ್ನೊಂದರಲ್ಲಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಚಿಲಕಣ್ಣ ಒಂದು ಗುಟುಕು ಕುಡಿದ. ಸಕ್ಕರೆ ಡಬ್ಬದ ತಳಕ್ಕೆ ಮತ್ತೊಂದು ಪೊಟ್ಟಣ ಸೇರಿತ್ತು. ಗಂಟಲಲ್ಲಿ ಗ್ರೀಸಿನ ವಾಸನೆ ಹಾಯಾಗಿ ಇಳಿಯಿತು.

"ಹೇಗಿದೆ?" ಎಂದಳು ಹೆಂಡತಿ.

"ಚೆನ್ನಾಗಿದೆ," ಎಂದ.